ಸಮನ್ವಿತ ಕಲಿಕೆ, ಕರ್ನಾಟಕದ ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ

ವಿಜ್ಞಾನ, ಗಣಿತ, ಭಾಷೆ, ಕಲೆ, ಕೈಕೆಲಸಗಳನ್ನು ಬೇರೆ ಬೇರೆ ಅವಧಿಗಳಿಗೆ ಹಂಚದೆ ಒಂದೇ ಚಟುವಟಿಕೆಯಲ್ಲಿ ಕಲಿಸುವ ಕ್ರಮ. ಇದಕ್ಕೆ ‘ಸ್ಟೀಮ್’ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಕಲೆ, ಗಣಿತಗಳ ಇಂಗ್ಲಿಷ್ ಮೊದಲಕ್ಷರಗಳು) ಎಂಬ ಹೆಸರು ಈಚಿನದು, ಪ್ರಯತ್ನ ಹಳೆಯದು.

1937ರ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿ ಮುಂದಿಟ್ಟ ಮೂಲಶಿಕ್ಷಣದಲ್ಲಿ ನೂಲುವುದು, ನೇಯುವುದು, ಬೇಸಾಯಗಳೇ ಉಳಿದ ಪಾಠಗಳಿಗೆ ಆಧಾರ. ಸ್ವಾತಂತ್ರ್ಯದ ಬಳಿಕ ಕನ್ನಡ ನಾಡಿನಲ್ಲೂ ಇಂಥ ಶಾಲೆಗಳು ನಡೆದವಾದರೂ ಕೈಕೆಲಸ ಬರಬರುತ್ತಾ ಒಂದು ಬಿಡಿ ಅವಧಿಯಾಗಿ ಉಳಿಯಿತು. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಆಟ, ನಾಟಕಗಳ ಮೂಲಕ ಕಲಿಸಲು ನಡೆಸಿದ ಪ್ರಯೋಗ ಸರಕಾರಿ ಶಾಲೆಗಳವರೆಗೆ ಹಬ್ಬಲಿಲ್ಲ.

ದೊಡ್ಡ ತಿರುವು 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಬಂತು. ಒಬ್ಬರೇ ಶಿಕ್ಷಕರು ಹಲವು ತರಗತಿಗಳನ್ನು ನೋಡಿಕೊಳ್ಳಬೇಕಿದ್ದ ಶಾಲೆಗಳಿಗೆ, ಆಂಧ್ರದ ರಿಷಿ ವ್ಯಾಲಿಯ ಮಾದರಿ ಹಾಗೂ ಯುನಿಸೆಫ್ ನೆರವಿನಿಂದ ‘ನಲಿ-ಕಲಿ’ ರೂಪುಗೊಂಡಿತು. ಅಂದರೆ ವಿಷಯಗಳು ಬೆರೆತದ್ದಕ್ಕೆ ಶಿಕ್ಷಣ ಸಿದ್ಧಾಂತದಷ್ಟೇ ಶಿಕ್ಷಕರ ಕೊರತೆಯೂ ಕಾರಣ. ಮಕ್ಕಳು ಕಲಿಕಾ ಏಣಿಯಲ್ಲಿ ತಮ್ಮ ಮೆಟ್ಟಿಲನ್ನು ತಾವೇ ಗುರುತಿಸಿ ಕಾರ್ಡು ಆರಿಸಿಕೊಂಡು ಗುಂಪಿನಲ್ಲಿ ಕೂರುತ್ತಾರೆ. ಬಿಸಿಲು, ಮೋಡ, ಮಳೆಯ ಚಿತ್ರಗಳಿಂದ ದಿನವೂ ತುಂಬುವ ಹವಾಮಾನ ನಕ್ಷೆಯಲ್ಲಿ ವೀಕ್ಷಣೆ, ಎಣಿಕೆ, ಚಿತ್ರಕಲೆ ಮೂರೂ ಸೇರುತ್ತವೆ. ತಲೆಯ ಮೇಲೆ ದಾರ ಕಟ್ಟಿದ ಚಪ್ಪರದಲ್ಲಿ ಅವರ ಕಾಗದದ ಕೆಲಸಗಳು ತೂಗುತ್ತವೆ. 2009-10ರಲ್ಲಿ ಪದ್ಧತಿ ಇಡೀ ರಾಜ್ಯಕ್ಕೆ ವಿಸ್ತರಿಸಿತು. ಹೆಗ್ಗಡದೇವನಕೋಟೆಯ ಶಿಕ್ಷಕರು ಹಾಡು, ಕಾರ್ಡುಗಳನ್ನು ತಾವೇ ಹೆಣೆದಿದ್ದರು. ಉಳಿದವರಿಗೆ ಅವು ಅಚ್ಚಾಗಿ ಬಂದವು. ಪದ್ಧತಿಯ ಹುರುಪು ತಗ್ಗಿದ್ದು ಇಲ್ಲೇ ಎನ್ನಬೇಕು.

ನಲಿ-ಕಲಿ ಮೊದಲ ಮೂರು ತರಗತಿಗಳಿಗೆ ಮಾತ್ರ; ನಾಲ್ಕನೆಯ ತರಗತಿಗೆ ಬರುವಾಗ ವಿಷಯಗಳು ಮತ್ತೆ ಬಿಡಿಬಿಡಿ ಪಠ್ಯಪುಸ್ತಕಗಳಾಗುತ್ತವೆ. 2022-23ರಲ್ಲಿ ಕ್ಲಸ್ಟರ್ (ಅಕ್ಕಪಕ್ಕದ ಶಾಲೆಗಳ ಗುಂಪು) ಮಟ್ಟದಲ್ಲಿ ನಡೆದ ‘ಕಲಿಕಾ ಹಬ್ಬ’ ಈ ಅಂತರಕ್ಕೆ ಒಂದು ಉತ್ತರ. ಕಾಗದ-ಕತ್ತರಿ, ಮಾಡು-ಆಡು, ಊರು ತಿಳಿಯೋಣ ಮೊದಲಾದ ಚಟುವಟಿಕೆಗಳು ಅದರಲ್ಲಿದ್ದವು. ಕೊನೆಯದಕ್ಕೆ ಶಿಕಾರಿಪುರ ತಾಲ್ಲೂಕಿನ ಅಂಜನಾಪುರದಂಥ ಊರು ಹೇಳಿಮಾಡಿಸಿದ್ದು. ಕುಮುದ್ವತಿಗೆ ಕಟ್ಟಿದ ಜಲಾಶಯ, ನೀರು ಹರಿಸುವ ನಾಲೆ, ಅದನ್ನು ನಂಬಿದ ಗದ್ದೆ ಎಲ್ಲವೂ ನಡೆದು ನೋಡುವಷ್ಟು ಹತ್ತಿರ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಕಲಾ ಸಮನ್ವಿತ ಕಲಿಕೆಗೆ ಒತ್ತು ಕೊಟ್ಟಿದೆ. ತಂತ್ರಜ್ಞಾನದ ಭಾಗ ಮಾತ್ರ ಕಿರಿಯರ ಮಟ್ಟಿಗೆ ಇನ್ನೂ ತೆಳು: ಕೇಂದ್ರದ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳು ಶುರುವಾಗುವುದೇ ಆರನೆಯ ತರಗತಿಯಿಂದ.