ಬೂದಿಗೊಂದು ಸಿರಿವಂತ ತವರು

ಹಂಪಿಯ ವಿಠಲ ದೇವಾಲಯದ ಪೂರ್ವಕ್ಕೆ, ನಿಂಬಾಪುರದ ಬಳಿ ಒಂದು ಬೂದಿದಿಬ್ಬವಿದೆ. ರಾಮನ ಬಾಣಕ್ಕೆ ಬಿದ್ದ ವಾಲಿಯನ್ನು ಸುಟ್ಟ ಜಾಗ ಅದು ಎಂಬುದು ಊರಿನ ನಂಬಿಕೆ. ಬಳ್ಳಾರಿ ಸೀಮೆಯ ಇನ್ನೊಂದು ದಿಬ್ಬಕ್ಕೆ ಭೀಮ ಕೊಂದ ಹಿಡಿಂಬನ ಚಿತೆಯ ಕಥೆ ಅಂಟಿದೆ. ಗುಡ್ಡದಷ್ಟು ಬೂದಿ ಬೀಳಬೇಕಾದರೆ ಸತ್ತವನು ರಕ್ಕಸನೋ ವಾನರರಾಜನೋ ಆಗಿರಲೇಬೇಕು ಎಂಬುದು ಜನರ ಲೆಕ್ಕ. ಬೂದಿ ಎಂದೊಡನೆ ನಮಗೆ ಸುಡುಗಾಡೇ ನೆನಪಾಗುತ್ತದೆ. ಆದರೆ ಪದದ ತವರು ಸಿರಿವಂತರದು.

ಬೂದಿ ಸಂಸ್ಕೃತದ ‘ಭೂತಿ’ಯ ತದ್ಭವ. ಭಾಷೆ ಬಾಸೆಯಾದಂತೆ ಇಲ್ಲಿಯೂ ಭಕಾರ ಬಕಾರವಾಯಿತು. ವಸತಿ ಬಸದಿಯಾದಂತೆ ತಕಾರ ದಕಾರವಾಯಿತು. ‘ಭೂ’ ಧಾತುವಿಗೆ ಇರು, ಆಗು ಎಂಬ ಅರ್ಥ. ಭೂತಿ ಎಂದರೆ ಇರವು, ಏಳಿಗೆ, ಐಶ್ವರ್ಯ. ಅಮರಕೋಶ ಈ ಪದಕ್ಕೆ ಸಂಪತ್ತು, ಭಸ್ಮ ಎರಡೂ ಅರ್ಥ ಕೊಡುತ್ತದೆ. ‘ವಿ’ ಸೇರಿ ವಿಭೂತಿಯಾದಾಗ ಭಗವದ್ಗೀತೆಯ ಹತ್ತನೆಯ ಅಧ್ಯಾಯದಲ್ಲಿ ಅದು ದೇವರ ಮಹಿಮೆ. ಶಿವಭಕ್ತರ ಹಣೆಯ ಮೇಲೆ ಅದೇ ಪದ, ಸಗಣಿ ಸುಟ್ಟು ಮಾಡಿದ ಭಸ್ಮ.

ಕನ್ನಡದಲ್ಲಿ ಎರಡೂ ಬೇರೆ ಬೇರೆ ಒಕ್ಕಲಾದವು. ಹಣೆಗೇರಿದ್ದು ವಿಭೂತಿಯಾಗಿ ಮಾನ ಉಳಿಸಿಕೊಂಡಿತು, ಹಳ್ಳಿಯ ಬಾಯಲ್ಲಿ ಈಬತ್ತಿಯಾಯಿತು. ಒಲೆಯಲ್ಲಿ ಉಳಿದದ್ದು ಬರೀ ಬೂದಿ: ಪಾತ್ರೆ ತಿಕ್ಕಲು, ಗಿಡಕ್ಕೆ ಎರಚಲು. ಮೈಗೆ ಬಿಳಿಪುಡಿ ಬಳಿದುಕೊಂಡ ಕಾಯಿ ಬೂದುಗುಂಬಳವಾಯಿತು, ದ್ರಾಕ್ಷಿ ಎಲೆಗೆ ಬೂದಿರೋಗ ಬಂತು, ಒಳಗೇ ಕುದಿಯುವವನು ಬೂದಿ ಮುಚ್ಚಿದ ಕೆಂಡವಾದ. ಸಿರಿಯ ಅರ್ಥ ಎಲ್ಲಿಯೂ ಉಳಿಯಲಿಲ್ಲ.

ಅದು ಉಳಿದದ್ದು ದಿಬ್ಬಗಳ ಒಳಗೆ ಎನ್ನಬೇಕು. ಅಲ್ಲಿನ ಬೂದಿ ಎಷ್ಟೋ ಕಡೆ ಕಾವಿಗೆ ಕರಗಿ ಗಾಜಿನಂತೆ ಗಟ್ಟಿಯಾಗಿರುವುದರಿಂದ ಲೋಹದ ಕಿಟ್ಟವೆಂದು ಊಹಿಸಿದವರಿದ್ದರು. ಸಗಣಿಯ ಬೂದಿ ಎಂಬ ವಾದವನ್ನು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಮುಂದಿಟ್ಟರು. 1957ರಲ್ಲಿ ಪುರಾತತ್ವಜ್ಞ ರೇಮಂಡ್ ಆಲ್ಚಿನ್ ಇಂದಿನ ತೆಲಂಗಾಣದ ಉಟ್ನೂರಿನಲ್ಲಿ ಅಗೆದಾಗ ದೊಡ್ಡಿಯ ಬೇಲಿಗೂಟಗಳ ಗುರುತು ಸಿಕ್ಕಿತು, ದನದ ಗೊರಸಿನ ಅಚ್ಚೂ ಸಿಕ್ಕಿತು. ಹೆಸರಲ್ಲೇ ಬೂದಿಯಿರುವ ಯಾದಗಿರಿ ಜಿಲ್ಲೆಯ ಬೂದಿಹಾಳದಲ್ಲಿ ಪುರಾತತ್ವಜ್ಞ ಕೆ. ಪದ್ದಯ್ಯನವರು ದೊಡ್ಡಿಯ ಜೊತೆಗೆ ಅದರ ಪಕ್ಕದ ಜನವಸತಿಯನ್ನೂ ಬೆಳಕಿಗೆ ತಂದರು. ನವಶಿಲಾಯುಗದ ದನಗಾಹಿಗಳು ದೊಡ್ಡಿಯಲ್ಲಿ ರಾಶಿಬಿದ್ದ ಸಗಣಿಗೆ ಆಗಾಗ ಬೆಂಕಿಯಿಟ್ಟರು. ಪದರದ ಮೇಲೆ ಪದರ ಕೂತು ದಿಬ್ಬ ಬೆಳೆಯಿತು. ಆಲ್ಚಿನ್ ಅವರಿಗೆ ಅದು ಋತುಹಬ್ಬದ ಬೆಂಕಿಯಂತೆ ಕಂಡಿತು. ಸಂಕ್ರಾಂತಿಗೆ ದನಗಳನ್ನು ಕಿಚ್ಚು ಹಾಯಿಸುವ ನಾಡಿಗೆ ಆ ಊಹೆ ಅಪರಿಚಿತವಲ್ಲ. ಹಿಂಡು ದೊಡ್ಡದಾದಷ್ಟೂ ಸಗಣಿ ಹೆಚ್ಚು, ದಿಬ್ಬವೂ ಎತ್ತರ. ರಕ್ಕಸನ ಚಿತೆ ಎಂದುಕೊಂಡದ್ದು ಒಂದು ಹಟ್ಟಿಯ ಆಸ್ತಿಪತ್ರ.

ಸುತ್ತಲ ರೈತರು ಗೊಬ್ಬರಕ್ಕೆಂದು ಈ ಬೂದಿಯನ್ನು ಹೊಲಕ್ಕೆ ಸಾಗಿಸಿ ಹಲವು ದಿಬ್ಬಗಳು ಸವೆದುಹೋಗಿವೆ. ಪುರಾತತ್ವಕ್ಕೆ ಅದು ದೊಡ್ಡ ನಷ್ಟ. ಆದರೆ ಬೂದಿ ಚೆಲ್ಲಿ ಬೆಳೆ ಎತ್ತುವ ರೈತ, ಅಮರಕೋಶ ಓದದೆಯೇ, ಭೂತಿಯ ಎರಡೂ ಅರ್ಥಗಳನ್ನು ಒಂದೇ ಹೊಲದಲ್ಲಿ ಬಿತ್ತಿದ್ದಾನೆ.