ಸ್ಟ್ರೆಸ್ ಸೊನ್ನೆ ಬಂದಾಗ

ಡೊಂಬಿವಲಿಯ ನಮ್ಮ ರೂಮಿನ ಎಂಟು ಜನ ಮನೆ ಬದಲಿಸಬೇಕಿತ್ತು. ಥಾಣೆ, ಡೊಂಬಿವಲಿ, ಕಲ್ಯಾಣ, ವಾಶಿ, ಬೇಲಾಪುರ: ಇಷ್ಟದ ಕ್ರಮ ಬರೆಸಿಕೊಂಡು ‘ಅನ್‌ಫೋಲ್ಡಿಂಗ್’ ಓಡಿಸಿದೆ. ಜನರೂ ಊರುಗಳೂ ಒಂದೇ ನಕ್ಷೆಯಲ್ಲಿ. ಹತ್ತಿರ ಇದ್ದಷ್ಟೂ ಇಷ್ಟ ಜಾಸ್ತಿ. ಸ್ಟ್ರೆಸ್, ಅಂದ್ರೆ ತಪ್ಪಿನ ಅಳತೆ, ಸೊನ್ನೆ! “ಹಾಗಾದ್ರೆ ಎಲ್ಲಾದ್ರೂ ಸರಿ, ಬಾಡಿಗೆ ಕಡಿಮೆ ನೋಡಿ” ಅಂದರು.

ನಕ್ಷೆ ನೋಡಿದೆ. ಎಂಟೂ ಜನ ನಡುವೆ ಒಂದೇ ಚುಕ್ಕಿ, ಊರುಗಳು ಸುತ್ತ ವೃತ್ತದಲ್ಲಿ. ಎಲ್ಲ ದೂರವೂ ಸಮ.

ಇದು ಹಳೇ ಕಾಯಿಲೆ. 1950ರಲ್ಲಿ ಕ್ಲೈಡ್ ಕೂಂಬ್ಸ್ ಈ ವಿಧಾನ ಕೊಟ್ಟರು. 1964ರ ಕ್ರುಸ್ಕಲ್ ಲೆಕ್ಕ ಕ್ರಮ ತಿರುಗುಮುರುಗಾದರಷ್ಟೇ ತಪ್ಪು ಅನ್ನುತ್ತೆ. ಎಲ್ಲ ಸಮವಾದರೂ ಪಾಸ್. ಗುರುತು? ದೂರಗಳ ಏರಿಳಿತ ಸತ್ತಿರುತ್ತೆ. 2005ರಲ್ಲಿ ಬೂಸಿಂಗ್ ಮತ್ತು ಜೊತೆಗಾರರು ಅದಕ್ಕೇ ದಂಡ ಹಾಕಿದರು.

ದಂಡ ಸೇರಿಸಿ ಮತ್ತೆ ಓಡಿಸಿದೆ. ಸ್ಟ್ರೆಸ್ ಏರಿತು, ಎರಡು ಗುಂಪು ಕಂಡಿತು. ಈಗ ಎರಡು ಮನೆ ಹುಡುಕ್ತಿದ್ದೀವಿ.