ಎರಡು ಕಟ್ಟೆಗಳು, ಎರಡು ಕಾಲುವೆಗಳು

ಎರಡು ಮಹಾಸಾಗರಗಳನ್ನು ಕೂಡಿಸಿದ ಪನಾಮಾ ಕಾಲುವೆಯ ಚರಿತ್ರೆಯು ನಮಗೆ ಸಂಬಂಧವಿಲ್ಲದ ದೂರದೇಶದ ಸಂಗತಿಯೆಂದು ತೋರುವುದು ಸಹಜವೇ. ಆದರೆ ಮಾಕವಳ್ಳಿಯ ಸೀಮೆಯನ್ನು ಹಾಯ್ದು ಬರುವ ಹೇಮಾವತಿಯು ಕೃಷ್ಣರಾಜಸಾಗರದಲ್ಲಿ ಕಾವೇರಿಯೊಡನೆ ಬೆರೆಯುವುದನ್ನು ಬಲ್ಲವರಿಗೆ ಅದರ ಮರ್ಮವು ಬೇಗನೆ ತಿಳಿಯುತ್ತದೆ.

1869ರಲ್ಲಿ ಸೂಯೆಜ್ ಕಾಲುವೆಯನ್ನು ಪೂರೈಸಿದ ಫ್ರಾನ್ಸಿನ ಲೆಸೆಪ್ಸನು ಪನಾಮಾದಲ್ಲಿಯೂ ಸಮುದ್ರದ ಮಟ್ಟಕ್ಕೇ ನೆಲವನ್ನು ಅಗೆಯಬೇಕೆಂದು ಹೊರಟನು. ಸೂಯೆಜಿನದು ಬಯಲು ಮರಳುನೆಲ. ಪನಾಮಾದಲ್ಲಿದ್ದುದು ಮಳೆಕಾಡು, ಬೆಟ್ಟ, ಕುಸಿಯುವ ಮಣ್ಣು. ಮಲೇರಿಯಾ ಮತ್ತು ಹಳದಿಜ್ವರಗಳಿಗೆ ಸಾವಿರಾರು ಕೂಲಿಗಾರರು ಬಲಿಯಾದರು. 1881ರಲ್ಲಿ ಮೊದಲಾದ ಕೆಲಸವು 1889ರಲ್ಲಿ ಕಂಪೆನಿಯೇ ಮುರಿದುಬಿದ್ದು ನಿಂತಿತು. 1904ರಲ್ಲಿ ಕೈಹಾಕಿದ ಅಮೆರಿಕನ್ನರು ಸೊಳ್ಳೆಗಳನ್ನು ಅಡಗಿಸಿದರು. ಬೆಟ್ಟವನ್ನು ಸಮುದ್ರದ ಮಟ್ಟಕ್ಕೆ ಇಳಿಸುವ ಹಟವನ್ನು ಬಿಟ್ಟು, ಹಡಗನ್ನೇ ಮೇಲಕ್ಕೇರಿಸುವ ಉಪಾಯವನ್ನು ಹಿಡಿದರು. ಚಾಗ್ರೆಸ್ ನದಿಗೆ ಗಾಟೂನ್ ಎಂಬಲ್ಲಿ ಕಟ್ಟೆಯನ್ನು ಹಾಕಿ, ಸಮುದ್ರಕ್ಕಿಂತ ಸುಮಾರು 85 ಅಡಿ ಎತ್ತರದಲ್ಲಿ ಸರೋವರವೊಂದನ್ನು ನಿಲ್ಲಿಸಿದರು. ಬಾಗಿಲುಗಳುಳ್ಳ ದೊಡ್ಡ ತೊಟ್ಟಿಗಳಲ್ಲಿ ನೀರು ತುಂಬಿದಂತೆಲ್ಲ ಹಡಗು ಮೆಟ್ಟಿಲೇರಿದಂತೆ ಏರಿ, ಸರೋವರವನ್ನು ದಾಟಿ, ಆಚೆಗೆ ಇಳಿಯುತ್ತದೆ. 1914ರ ಆಗಸ್ಟ್ 15ರಂದು ಕಾಲುವೆಯು ಸಂಚಾರಕ್ಕೆ ತೆರೆಯಿತು.

ಅದೇ ಕಾಲದಲ್ಲಿ, 1911ರಲ್ಲಿ, ವಿಶ್ವೇಶ್ವರಯ್ಯನವರ ಯೋಜನೆಯಂತೆ ಕನ್ನಂಬಾಡಿಯ ಕಟ್ಟೆಯ ಕೆಲಸವು ನಮ್ಮಲ್ಲಿ ಆರಂಭವಾಯಿತು. ನಮಗೆ ಬೇಕಾದುದು ಹಡಗಿನ ದಾರಿಯಲ್ಲ. ಗದ್ದೆಗೆ ನೀರು, ಶಿವನಸಮುದ್ರದ ವಿದ್ಯುತ್ತಿಗೆ ವರ್ಷವಿಡೀ ತಪ್ಪದ ಪ್ರವಾಹ. ಆದರೂ ಉಪಾಯವು ಒಂದೇ: ನದಿಯನ್ನು ತಡೆದು ನೀರನ್ನು ಎತ್ತರದಲ್ಲಿ ನಿಲ್ಲಿಸುವುದು. ಮದರಾಸಿನೊಡನೆ ಬಹುಕಾಲ ವಾದ ನಡೆದು 1924ರಲ್ಲಿ ಒಪ್ಪಂದವಾಯಿತು. ಎಡದಂಡೆಯ ನಾಲೆಗೆ ಅಡ್ಡಬಂದ ಹುಲಿಕೆರೆಯ ದಿಣ್ಣೆಯನ್ನು ಒಂದೂವರೆ ಮೈಲಿಗೂ ಮಿಕ್ಕ ಸುರಂಗದಿಂದ ದಾಟಿಸಿದರು. ಮೊದಲು ಇರ್ವಿನ್ ನಾಲೆಯೆನಿಸಿದ್ದ ಇದೇ ಮುಂದೆ ವಿಶ್ವೇಶ್ವರಯ್ಯ ನಾಲೆಯಾಯಿತು. ರಾಗಿಯ ಹೊಲಗಳಿದ್ದ ಮಂಡ್ಯದ ಸೀಮೆಯಲ್ಲಿ ಭತ್ತ, ಕಬ್ಬುಗಳು ಬೆಳೆದುನಿಂತವು.

ಲಾಭದ ಈ ಲೆಕ್ಕದಲ್ಲಿ ಇನ್ನೊಂದು ಪುಟವೂ ಉಂಟು. ಗಾಟೂನ್ ಸರೋವರದ ಕೆಳಗೆ ಚಾಗ್ರೆಸ್ ದಂಡೆಯ ಹಳ್ಳಿಗಳು ಮುಳುಗಿದವು. ನಮ್ಮಲ್ಲಿ ಹಳೆಯ ಕನ್ನಂಬಾಡಿಯೂ ಸುತ್ತಣ ಊರುಗಳೂ ಮುಳುಗಿದವು. ಕನ್ನಂಬಾಡಿಯ ವೇಣುಗೋಪಾಲಸ್ವಾಮಿಯ ಗುಡಿಯು ನೀರು ತಗ್ಗಿದ ವರ್ಷಗಳಲ್ಲಿ ಮಾತ್ರ ಕಾಣಿಸಿಕೊಳ್ಳುತ್ತಿತ್ತು. ಅದನ್ನು ಈ ಶತಮಾನದಲ್ಲಿ ಕಲ್ಲುಕಲ್ಲಾಗಿ ಬಿಚ್ಚಿ ಹೊಸ ಕನ್ನಂಬಾಡಿಯಲ್ಲಿ ಮತ್ತೆ ಕಟ್ಟಿದ್ದಾರೆ. ಗುಡಿಯನ್ನು ಎತ್ತಿ ಇಡಬಹುದು. ತಲೆತಲಾಂತರದಿಂದ ಉತ್ತ ನೆಲವನ್ನು ಹಾಗೆ ಎತ್ತಿ ಇಡಲಾಗದು. ಕಾಲುವೆಗಳ ಚರಿತ್ರೆಯನ್ನು ಬರೆಯುವಾಗ ನಾವು ಎಂಜಿನಿಯರರ ಹೆಸರಿನೊಡನೆ, ಆ ನೆಲವನ್ನು ಬಿಟ್ಟುಕೊಟ್ಟು ಹೊರಟವರನ್ನೂ ನೆನೆಯುವುದು ನ್ಯಾಯ.